ಮೂವತ್ತೊಂದೂವರೆ ಇಂಚು

ಡಬ್ಬಿಯ ಮೇಲಿನ ಗಂಡಸಿಗೆ ತಲೆ ಇರಲಿಲ್ಲ. ಹೊಕ್ಕುಳದಿಂದ ಕುತ್ತಿಗೆಯವರೆಗೆ ಮಾತ್ರ ಇದ್ದ. ಕುತ್ತಿಗೆ ಮುಗಿಯಬೇಕಾದಲ್ಲಿ ಮುಚ್ಚಳ ಶುರುವಾಗುತ್ತಿತ್ತು. ಎದೆಯೆಂದರೆ ಎರಡು ಹಾಸುಗಲ್ಲು ಜೋಡಿಸಿಟ್ಟು ನಡುವಿನ ಸಂದಿಗೆ ಗಾರೆ ತುಂಬದೆ ಬಿಟ್ಟ ಹಾಗೆ. ಬಾಂದ್ರಾ ಸ್ಟೇಷನ್ನಿನ ಎದುರಿನ ಔಷಧದ ಅಂಗಡಿಯ ಗಾಜಿನ ಮುಂದೆ ಚಂದ್ರಾಮ ಹೀಗೆ ನಿಂತದ್ದು ಇದು ನಾಲ್ಕನೆಯ ದಿನ. ಸ್ವಲ್ಪ ಎಡಕ್ಕೆ ಸರಿದು ಮೊಣಕಾಲನ್ನು ಒಂದಿಷ್ಟು ಬಗ್ಗಿಸಿದರೆ ಗಾಜಿನಲ್ಲಿ ಮೂಡುವ ತನ್ನ ಮುಖ ಸರಿಯಾಗಿ ಆ ಎದೆಯ ಮೇಲೆ ಕೂರುತ್ತಿತ್ತು. ಮೊದಲ ದಿನ ಅದು ತಾನಾಗಿ ಆಯಿತು. ಆಮೇಲೆ ಅವನು ಬೇಕೆಂದೇ ಬಗ್ಗಿದ. ಬಗ್ಗಿದಾಗ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು, ಆದರೂ ಬಗ್ಗುತ್ತಿದ್ದ. ಸ್ಟೇಷನ್ನಿನಿಂದ ಹೊರಬಿದ್ದ ಜನ ಅವನನ್ನು ಕಂಬದ ಹಾಗೆ ಬಳಸಿಕೊಂಡು ಹೋಗುತ್ತಿದ್ದರು. ಮೀನಿನ ಬುಟ್ಟಿ ಹೊತ್ತವಳೊಬ್ಬಳು "ಏ, ಬಾಜೂ ಹೋ ರೇ" ಎಂದು ನೂಕಿದಾಗ ಬುಟ್ಟಿಯ ತಣ್ಣೀರು ಅವನ ಹೆಗಲ ಮೇಲೆ ಬಿತ್ತು. ಗಾಜಿನಲ್ಲಿದ್ದ ಮುಖ ಎದೆಯಿಂದ ಜಾರಿ ಪಕ್ಕದ ಕೆಮ್ಮಿನ ಔಷಧದ ಬಾಟಲಿಯ ಮೇಲೆ ಹೋಗಿ ಕೂತಿತು.

ಮೈ ಬರಿಸುವ ಪುಡಿಯ ಆ ಡಬ್ಬಿಗೆ ನಲವತ್ತೆರಡು ರೂಪಾಯಿ. ಒಂಬತ್ತು ದಿವಸ ಇಟ್ಟಂಗಿ ಹೊತ್ತರೆ ಒಂದು ಡಬ್ಬಿ. ಒಂಬತ್ತು ದಿವಸ ಹೊತ್ತು ಅದನ್ನು ತಿಂದರೆ ಮುಂದೆ ಮತ್ತೆ ಹೊರುವಷ್ಟು ಮಾತ್ರ ಮೈ ಬಂದರೆ? ಈ ಪ್ರಶ್ನೆ ನಾಲ್ಕು ದಿನದಿಂದ ಅವನ ತಲೆಯಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಚಡ್ಡಿಯ ಒಳಜೇಬಿನಲ್ಲಿ ಹತ್ತರ ನಾಲ್ಕು ನೋಟು, ಐದರದು ಒಂದು, ತೊಡೆಗೆ ಅಂಟಿಕೊಂಡು ಬೆವೆತಿದ್ದವು. ಅವು ಇಟ್ಟಂಗಿಯ ಹಣವಲ್ಲ. ಕಳೆದ ಶನಿವಾರ ಸಾಂತಾಕ್ರೂಜಿನ ಬೆಳ್ಳಿಯ ಅಂಗಡಿಯಲ್ಲಿ ಅವನು ಗೋಡೆಯ ಕಡೆ ಮುಖ ಮಾಡಿ ನಿಂತು, ಅಂಗಿ ಎತ್ತಿ, ನಡುವಿನ ಉಡದಾರದ ಕೊಂಡಿ ಬಿಚ್ಚಿದ್ದ. ಹದಿನಾರನೆಯ ವರ್ಷ ಅಪ್ಪ ಇಂಡಿ ಪೇಟೆಯ ಪತ್ತಾರನ ಹತ್ತಿರ ಮಾಡಿಸಿ ಹಾಕಿದ ಎಂಟು ತೊಲೆಯ ಬೆಳ್ಳಿ. ಊರಿನಲ್ಲಿ ಗಂಡಸಿನ ನಡುವಿನಿಂದ ಉಡದಾರ ತೆಗೆಯುವುದು ಒಂದೇ ಸಲ, ಹೆಣಕ್ಕೆ ನೀರು ಹಾಕುವಾಗ. ಅಪ್ಪನದನ್ನು ಹರಿದವನು ಅಣ್ಣ ಸಾಯಬಣ್ಣ. ದಾರ ಹರಿದಾಗ ಅಪ್ಪನ ಹೊಟ್ಟೆ ಒಂದಿಷ್ಟು ಸಡಿಲಾದ ಹಾಗೆ ಚಂದ್ರಾಮನಿಗೆ ಕಂಡಿತ್ತು. ಬೆಳ್ಳಿಯ ಅಂಗಡಿಯವನು ಉಡದಾರವನ್ನು ತಕ್ಕಡಿಗೆ ಹಾಕುವ ಮೊದಲು ಬಟ್ಟೆಯಿಂದ ಒರೆಸಿದ. ಮೈಯ ಜಿಡ್ಡು ತೂಕಕ್ಕೆ ಬರಬಾರದಂತೆ. ಅಂಗಡಿಯಿಂದ ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದ ಮೇಲೆ ಚಂದ್ರಾಮನಿಗೆ ಪೈಜಾಮ ಜಾರುತ್ತಿದೆ ಎನ್ನಿಸಿತು. ಜಾರುತ್ತಿರಲಿಲ್ಲ. ಆದರೂ ಮನೆ ಮುಟ್ಟುವವರೆಗೆ ಎಡಗೈಯಲ್ಲಿ ಹಿಡಿದುಕೊಂಡೇ ನಡೆದ.

ಈಗ ನಡುವಿನಲ್ಲಿದ್ದದ್ದು ಕಿರಾಣಿ ಅಂಗಡಿಯ ಕರಿದಾರ. ಇವತ್ತು ನಸುಕಿನಲ್ಲಿ ಕುಸ್ತಿಯ ತಾಲೀಮಿನಲ್ಲಿ ಲಂಗೋಟಿಯನ್ನು ಆ ದಾರಕ್ಕೇ ಸಿಕ್ಕಿಸಿ, ಯಾರೂ ನೋಡದಿರಲೆಂದು ಮೂಲೆಯ ಗೋಣಿಚೀಲದ ಹತ್ತಿರ ತಿರುಗಿ ನಿಂತಿದ್ದ. ವಾಕೋಲಾದ ನಾಲೆಯ ದಂಡೆಗೆ ತಗಡು ಹೊದಿಸಿ, ಊರಿನಿಂದ ಒಂದು ಲಾರಿ ಕೆಂಪು ಮಣ್ಣು ತರಿಸಿ, ಅರಿಷಿಣ ಎಣ್ಣೆ ಕಲಸಿ ಮಾಡಿದ ತಾಲೀಮು ಅದು. ಹದಿಮೂರು ಮಂದಿ. ಎಲ್ಲರೂ ಇಂಡಿ, ಸಿಂದಗಿ, ಅಫಜಲಪುರದ ಕಡೆಯವರು. ಎಲ್ಲರೂ ಹಗಲೆಲ್ಲ ಯಾರದೋ ಭಾರ ಹೊರುವವರು. ಕುಸ್ತಿ ಕಲಿಸುವ ವಸ್ತಾದ ಧರ್ಮಣ್ಣನಿಗೆ ಒಂದು ಕಣ್ಣಿನಲ್ಲಿ ಹೂವು ಬಿದ್ದಿತ್ತು. ಆದರೆ ಕಾಣಬಾರದ್ದು ಅವನಿಗೆ ಆ ಕಣ್ಣಿನಿಂದಲೇ ಕಾಣುತ್ತಿತ್ತು.

"ಲೇ ಚಂದ್ರಾಮ, ಬೆಳ್ಳಿ ಎಲ್ಲಿ ಹೋತಲೇ?"

"ಕೊಂಡಿ ಸಡ್ಲಾಗಿತ್ತರೀ ವಸ್ತಾದ್ರ. ಬೆಸಗಿ ಹಾಕ್ಸಾಕ ಕೊಟ್ಟೀನಿ."

"ಕೊಂಡಿ ಸಡ್ಲಾಗಿತ್ತೋ, ನಡಾನ ಸಣ್ಣಾಗಿತ್ತೋ?"

ಎಲ್ಲರೂ ನಕ್ಕರು. ಚಂದ್ರಾಮನೂ ನಕ್ಕ. ನಗುವುದು ಬಿಟ್ಟು ಬೇರೇನೂ ಮಾಡಲಾಗದ ಕಡೆ ಅವನು ಯಾವಾಗಲೂ ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚೇ ನಗುತ್ತಿದ್ದ, ಮತ್ತು ಅದೇ ನಗು ಆಮೇಲೆ ದಿನವಿಡೀ ಗಂಟಲಲ್ಲಿ ಹುಳಿ ಹುಳಿಯಾಗಿ ಮೇಲೆ ಬರುತ್ತಿತ್ತು. ದಂಡ ಹೊಡೆದು ಮುಗಿದ ಮೇಲೆ ಅಲ್ಯುಮಿನಿಯಮ್ಮಿನ ಜರ್ಮನ್ ಬೋಗುಣಿ ಬಂತು. ರಾತ್ರಿ ನೆನೆಹಾಕಿದ ಕಡಲೆಯನ್ನು ಪ್ರತಿಯೊಬ್ಬನೂ ಮನೆಯಿಂದ ತನ್ನ ಪಾಲಿನದು ತಂದು ಅದರಲ್ಲಿ ಸುರಿಯಬೇಕು. ಒಂದು ಹಿಡಿ ಹನಮಪ್ಪ ದೇವರ ಮುಂದೆ ಇಟ್ಟು, ಉಳಿದದ್ದನ್ನು ವಸ್ತಾದ ಹಿಡಿ ಹಿಡಿಯಾಗಿ ಹಂಚಬೇಕು. ಒಬ್ಬ ಬಾದಾಮಿ ತಂದರೂ ಅಷ್ಟೇ, ಇನ್ನೊಬ್ಬ ಬೆಲ್ಲ ತಂದರೂ ಅಷ್ಟೇ. ಹೋದ ತಿಂಗಳು ಯಾರೋ ಅರ್ಧ ಸೇರು ತುಪ್ಪ ತಂದಾಗ ಹದಿಮೂರು ಮಂದಿಗೆ ಬೆರಳಿಗೆ ಸವರುವಷ್ಟು ಬಂದಿತ್ತು. ಚಂದ್ರಾಮ ಆ ಬೆರಳನ್ನು ಲೋಕಲ್ಲಿನಲ್ಲಿ ಬಾಂದ್ರಾ ಬರುವವರೆಗೆ ಮೂಸುತ್ತಿದ್ದ. ತಾಲೀಮಿನ ಮಣ್ಣು ತುಳಿದವನು ಒಬ್ಬನೇ ಕೂತು ಮೈಗೆ ಹತ್ತುವುದನ್ನು ತಿನ್ನಬಾರದು. ಬರೆದಿಟ್ಟ ನಿಯಮವಲ್ಲ, ಬರೆಯಲು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆದರೆ ಒಬ್ಬನೇ ತಿಂದವನ ಮುಖವನ್ನು ವಸ್ತಾದ ಹಿಡಿದುಬಿಡುತ್ತಿದ್ದ.

ಅದಕ್ಕೇ ಇವತ್ತು ಕೈಯೊಳಗಿನ ಕಡಲೆಯನ್ನು ನೋಡುತ್ತ, ಬೇರೆ ಯಾರದೋ ಮಾತೆಂಬಂತೆ, ಅವನು ಕೇಳಿದ್ದ. "ವಸ್ತಾದ್ರ, ಡಬ್ಬಿ ಪುಡಿ ತಿಂದ್ರ ಮೈ ಬರ್ತೈತೇನ್ರಿ?"

"ಬರ್ತೈತಿ. ಡಬ್ಬಿ ಹಂತಾ ಮೈ. ಮ್ಯಾಲ ಚಿತ್ರ, ಒಳಗ ಟೊಳ್ಳು," ಎಂದ ಧರ್ಮಣ್ಣ. ಆಮೇಲೆ ಹೂವು ಬಿದ್ದ ಕಣ್ಣನ್ನು ಅವನ ಕಡೆ ತಿರುಗಿಸಿ, "ಯಾಕೋ, ತರಾಂವ ಅದೀ ಏನು? ತಾ ತಾ. ತಂದು ಬೋಗುಣಿಗಿ ಸುರು. ಹದಿಮೂರು ಮಂದಿ ಮುಕ್ಕಿ ನೋಡೂಣು."

ಹದಿಮೂರು ಮಂದಿ ಮುಕ್ಕಿದರೆ ಎರಡು ಬೆಳಗಿಗೆ ಡಬ್ಬಿ ಖಾಲಿ. ಎಂಟು ತೊಲೆ ಬೆಳ್ಳಿ, ಅಪ್ಪನ ಬೆಳ್ಳಿ, ಹದಿಮೂರು ಹೊಟ್ಟೆಗಳಲ್ಲಿ ಹಂಚಿಹೋಗಿ ಮೂರನೆಯ ದಿನ ನಾಲೆಯ ದಂಡೆಯ ಮೇಲೆ ಬಿದ್ದಿರುತ್ತದೆ. ಈ ವಿಚಾರ ಬಂದಾಗ ಚಂದ್ರಾಮನಿಗೆ ಹದಿಮೂರು ಮಂದಿಯ ಮೇಲೂ ಒಮ್ಮೆಲೇ ಸಿಟ್ಟು ಉಕ್ಕಿ ಬಂತು. ಅವರ ತುಪ್ಪವನ್ನು ತಾನು ನೆಕ್ಕಿದ್ದು ನೆನಪಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

ಎದೆ ಬೇಕಾಗಿದ್ದದ್ದು ಕುಸ್ತಿಗಲ್ಲ. ಕುಸ್ತಿ ಹಾಳಾಗಿ ಹೋಗಲಿ. ಬೊರಿವಲಿಯ ಆಚೆ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್ ಭರ್ತಿ ಇತ್ತು. ಖಾಕಿ ಬಟ್ಟೆ, ಬೂಟು, ತಿಂಗಳ ಪಗಾರ, ಗೇಟಿನ ಪಕ್ಕದ ಸಾಲಿನಲ್ಲಿ ಮಲಗಲು ಒಂದು ಕಾಟು. ಓದು ಕೇಳಲಿಲ್ಲ. ಎತ್ತರ ನೋಡಿದರು, ಸರಿಯಿತ್ತು. ಓಡಿಸಿದರು, ಓಡಿದ. ಆಮೇಲೆ ಅಂಗಿ ಬಿಚ್ಚಿಸಿ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದರು. ಟೇಪು ಹಿಡಿದವನು ಪಾನ್ ಅಗಿಯುತ್ತಿದ್ದ. ಅವನ ಬೆರಳು ಬೆನ್ನಿಗೆ ತಗಲಿದಾಗ ಚಂದ್ರಾಮನ ಮೈ ಮುಳ್ಳೆದ್ದಿತು. ಎದೆ ಮೂವತ್ತೆರಡು ಇಂಚು ಬೇಕಿತ್ತು. "ಸಾಡೇ ಇಕತ್ತೀಸ್," ಎಂದು ಅವನು ಮೇಜಿನ ಹತ್ತಿರ ಕೂತವನಿಗೆ ಕೂಗಿ ಹೇಳಿದ, ಕೂಗಿ, ಸಾಲಿಗೆಲ್ಲ ಕೇಳುವ ಹಾಗೆ. "ಹವಾ ಭರ್, ಹವಾ ಭರ್!" ಚಂದ್ರಾಮ ಉಸಿರು ತುಂಬಿದ. ಕಿವಿ ಗುಂಯ್ ಎನ್ನುವವರೆಗೆ, ಕಣ್ಣಿನ ಮುಂದೆ ಕಪ್ಪು ಚುಕ್ಕೆ ಕುಣಿಯುವವರೆಗೆ ತುಂಬಿದ. ಟೇಪು ಸ್ವಲ್ಪ ಸರಿಯಿತು. ಸರಿಯಬೇಕಾದಷ್ಟು ಸರಿಯಲಿಲ್ಲ. "ಯೇ ಛಾತಿ ಹೈ ಯಾ ಮುರಗೀ ಕಾ ಪಿಂಜರಾ?" ಕೋಳಿಯ ಪಂಜರ ಅಂದದ್ದಕ್ಕೆ ಸಾಲಿನಲ್ಲಿದ್ದವರೆಲ್ಲ ನಕ್ಕರು, ತಮ್ಮ ಸರದಿ ಇನ್ನೂ ಬರದಿದ್ದವರು ಹೆಚ್ಚು ನಕ್ಕರು. ಮುಂದಿನ ತಿಂಗಳು ಇನ್ನೊಮ್ಮೆ ಭರ್ತಿ ಇದೆ, ಬಾ ಎಂದರು. ಅರ್ಧ ಇಂಚು. ತಲೆಯ ಮೇಲೆ ಇಟ್ಟಂಗಿ ಹೊತ್ತರೆ ಕುತ್ತಿಗೆ ಬೆಳೆಯುತ್ತದೆ, ಎದೆ ಬೆಳೆಯುವುದಿಲ್ಲ. ಕುತ್ತಿಗೆ ಅಳೆದು ಕೊಡುವ ನೌಕರಿ ಈ ಊರಿನಲ್ಲಿ ಎಲ್ಲೂ ಇಲ್ಲ. ಅಂದಿನಿಂದ ದಿನಾ ಸಂಜೆ, ಅಣ್ಣನ ಹೆಂಡತಿ ವೈನಿ ನೀರಿಗೆ ಹೋದಾಗ, ಅವಳ ಹೊಲಿಗೆಯ ಡಬ್ಬಿಯಿಂದ ಟೇಪು ತೆಗೆದು ಅವನು ತನ್ನ ಎದೆಗೆ ಸುತ್ತಿಕೊಳ್ಳುತ್ತಿದ್ದ. ದಿನಾ ಅಷ್ಟೇ ಇರುತ್ತಿತ್ತು. ಒಂದು ದಿನ ಕಾಲಿಂಚು ಕಡಿಮೆಯೂ ಬಂತು.

ನೌಕರಿ ಬೇಕಾಗಿದ್ದದ್ದು ಮಲಗುವ ಜಾಗಕ್ಕೆ. ಚಾಳಿನಲ್ಲಿ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಒಂದೇ ಖೋಲಿ. ನಡುವೆ ಸೀರೆಯ ಪರದೆ. ಪರದೆಯ ಆಚೆ ಅಣ್ಣ, ವೈನಿ. ವೈನಿಗೆ ಏಳು ತಿಂಗಳು. ಭರ್ತಿಗೆ ಮೊದಲು ಒಂದು ಸಂಜೆ ಅಣ್ಣ ಗೋದಾಮಿನ ಹಮಾಲಿ ಮುಗಿಸಿ ಬಂದು, ಚಪ್ಪಲಿಯ ಉಂಗುಷ್ಠ ಸರಿಮಾಡುತ್ತ, ಚಪ್ಪಲಿಗೇ ಹೇಳಿದ ಹಾಗೆ ಹೇಳಿದ್ದ: "ಬಾಣಂತಿ ಮನಿ ಆಕ್ಕೈತಿ ಇನ್ನ. ಶ್ರಾವಣ ಬರೂದ್ರಾಗ ಏನರ ಒಂದ್ ವ್ಯವಸ್ಥಾ ನೋಡ್ಕೋಬೇಕಲ್ಲೋ ತಮ್ಮಾ." ಬೈದು ಹೇಳಿದ್ದರೆ ಚಂದ್ರಾಮ ತಿರುಗಿ ಬೈಯಬಹುದಿತ್ತು. ಅಣ್ಣನ ದನಿಯಲ್ಲಿ ನಾಚಿಕೆಯಿತ್ತು.

ಗಾಜನ್ನು ಬಿಟ್ಟು ಅವನು ರಮಾನಾಥನ ಹೋಟೆಲಿನ ಕಡೆ ನಡೆದ. ಸಿಮೆಂಟು ಬಂದಿಲ್ಲವೆಂದು ಮುಕಾದಮ ಇವತ್ತು ಕೆಲಸವಿಲ್ಲ ಅಂದಿದ್ದ. ಹಗಲು ಒಂದು ದೊಡ್ಡ ಖಾಲಿ ತಗಡಿನ ಹಾಗೆ ಮುಂದೆ ಬಿದ್ದಿತ್ತು. ರಮಾನಾಥ ಗಲ್ಲೆಯ ಮೇಲೆ ಕೂತು ಬಿಲ್ಲು ಹರಿಯುವವನು, ದಕ್ಷಿಣ ಕನ್ನಡದ ಕಡೆಯವನು. ಅಂಗಿಯ ಗುಂಡಿ ಎದೆಯ ಮೇಲೆ ಬಿಗಿದು ಬಿಗಿದು ನಿಂತಿರುತ್ತಿದ್ದವು. ಡಬ್ಬಿಯ ಸುದ್ದಿ ಮೊದಲು ತೆಗೆದವನೇ ಅವನು. ಚಂದ್ರಾಮ ಅರ್ಧ ಚಹಾ ಹೇಳಿ, ಗಲ್ಲೆಯ ಪಕ್ಕ ನಿಂತೇ ಕುಡಿಯುತ್ತ ಕೇಳಿದ.

"ಖರೇನ ನೀವು ತಿಂದದ್ದು ಅದನ್ನ?"

"ಮತ್ತೆ ಸುಳ್ಳು ಹೇಳ್ತೇನಾ ಮಾರಾಯ? ನಾನು ಬೊಂಬಾಯಿಗೆ ಬಂದಾಗ ನಿನ್ನ ಹಾಗೆಯೇ ಇದ್ದದ್ದು. ಫ್ಯಾನ್ ಹಾಕಿದರೆ ಹಾರಿ ಹೋಗುವ ಹಾಗೆ. ಮೂರು ಡಬ್ಬಿ ತಿಂದೆ. ನೋಡು." ಎದೆ ಮುಂದೆ ಮಾಡಿ ತೋರಿಸಿದ.

"ಮೂರ? ಮೊನ್ನೆ ಒಂದ್ ಸಾಕು ಅಂದ್ರಿ."

"ಶುರುವಿಗೆ ಒಂದು ಸಾಕು ಅಂದದ್ದು ಮಾರಾಯ. ಒಂದರಲ್ಲಿ ಮೈಗೆ ಗೊತ್ತಾಗುವುದೇ ಇಲ್ಲ. ಮತ್ತೆ ಹಾಲು ಬೇಕು. ದಿವಸಕ್ಕೆ ಮುಕ್ಕಾಲು ಲೀಟರು."

"ಹಾಲು ಎಲ್ಲಿಂದ ತರ್ಲಿ? ಬೂತಿನ ಕಾರ್ಡು ಅಣ್ಣನ ಹೆಸರಿನ್ಯಾಗ ಐತಿ. ದಿನಕ್ಕ ಒಂದ ಬಾಟ್ಲಿ."

"ನೀರಲ್ಲಿ ಕಲಸಿದರೂ ಆಗ್ತದೆ. ಆದರೆ ಆಗ ನೀರಿನ ಮೈ ಬರ್ತದೆ, ಅಷ್ಟೇ," ಎಂದು ರಮಾನಾಥ ತನ್ನ ಮಾತಿಗೆ ತಾನೇ ನಕ್ಕ. ಅಷ್ಟರಲ್ಲಿ ಒಳಗಿನಿಂದ ಅವನ ನಾಷ್ಟಾ ಬಂತು: ಬೆಣ್ಣೆಯ ಮುದ್ದೆ ಕರಗುತ್ತಿದ್ದ ಎರಡು ದೋಸೆ, ಲೋಟದ ತುಂಬ ಕೆನೆಹಾಲು. ದಿನಾ ಬರುತ್ತಿತ್ತು ಅದು, ಬಿಲ್ಲಿಲ್ಲದೆ. ಚಂದ್ರಾಮ ಬೆಣ್ಣೆ ಕರಗುವುದನ್ನೇ ನೋಡಿದ. ಮೂರು ಡಬ್ಬಿ ತಿಂದದ್ದು ಆ ಎದೆಯೋ, ಆರು ವರ್ಷ ಬೆಣ್ಣೆ ದೋಸೆ ತಿಂದದ್ದು ಆ ಎದೆಯೋ, ಇದನ್ನು ಯಾರನ್ನು ಕೇಳಬೇಕು? ರಮಾನಾಥನಿಗೇ ಗೊತ್ತಿರಲಿಕ್ಕಿಲ್ಲ. ಮೈ ಬಂದವನಿಗೆ ಅದು ಎಲ್ಲಿಂದ ಬಂತು ಎಂದು ತಿಳಿದುಕೊಳ್ಳುವ ಜರೂರು ಇರುವುದಿಲ್ಲ. ಬರದವನು ಮಾತ್ರ ಹೀಗೆ ಗಲ್ಲೆಯ ಪಕ್ಕ ನಿಂತು, ಇನ್ನೊಬ್ಬನ ತಾಟು ನೋಡುತ್ತ, ಲೆಕ್ಕ ಹಾಕುತ್ತಾನೆ. "ದೋಸೆ ತಿನ್ನುತ್ತೀಯಾ?" ಎಂದು ರಮಾನಾಥ ಕೇಳಿದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ. "ಬ್ಯಾಡ್ರಿ, ಈಗರ ಊಟಾ ಮಾಡಿ ಬಂದೀನಿ," ಎಂದು ಚಂದ್ರಾಮ ಚಹಾದ ದುಡ್ಡಿಟ್ಟು ಹೊರಬಿದ್ದ. ಬೆಳಗಿನಿಂದ ಅವನ ಹೊಟ್ಟೆಯಲ್ಲಿ ಇದ್ದದ್ದು ಒಂದು ಹಿಡಿ ಕಡಲೆ.

ಇಳಿಹೊತ್ತಿನವರೆಗೆ ಅಲ್ಲಿ ಇಲ್ಲಿ ಅಲೆದು, ಕೊಳ್ಳಬಾರದು ಎಂದು ನಿರ್ಧಾರ ಮಾಡಿಕೊಂಡೇ ಅವನು ಸ್ಟೇಷನ್ನಿಗೆ ಬಂದ. ಮೂರು ಡಬ್ಬಿಯಾಗದಿದ್ದರೆ ಒಂದಾದರೂ ಏಕೆ? ಕತ್ತಲಾಗುವುದರೊಳಗೆ ಬೆಳ್ಳಿಯ ಅಂಗಡಿಯವನನ್ನು ಕಂಡು, ಕೈಕಾಲು ಹಿಡಿದು, ಉಡದಾರ ತಿರುಗಿ ತೆಗೆದುಕೊಳ್ಳಬೇಕು. ಕರಗಿಸಿರಲಿಕ್ಕಿಲ್ಲ. ಹೀಗೆ ಅಂದುಕೊಳ್ಳುತ್ತ ಬಂದವನು ಔಷಧದ ಅಂಗಡಿಯ ಮುಂದೆ ಬಂದಾಗ ಕಾಲು ತಾನಾಗಿ ನಿಂತಿತು, ಮೊಣಕಾಲು ತಾನಾಗಿ ಬಗ್ಗಿತು. ಒಳಗಿನಿಂದ ಮುದುಕ ಅಂಗಡಿಕಾರ ಕೈ ಬೀಸಿ ಕರೆದ. ನಾಲ್ಕು ದಿನದಿಂದ ಅವನು ನೋಡುತ್ತಿದ್ದನೆಂದಾಯಿತು. ಬಗ್ಗುವುದನ್ನೂ ನೋಡಿದ್ದ.

"ರೋಜ್ ಆತಾ ಹೈ, ರೋಜ್ ದೇಖತಾ ಹೈ. ಲೇನಾ ಹೈ ಕ್ಯಾ? ಕೌನ್ ಖಾಯೇಗಾ?"

"ಮೈ."

ಮುದುಕ ಕನ್ನಡಕ ಮೂಗಿನ ತುದಿಗೆ ಇಳಿಸಿ ಅವನನ್ನು ತಲೆಯಿಂದ ಪಾದದವರೆಗೆ ನೋಡಿದ. ಟೇಪಿನವನು ನೋಡಿದ ಹಾಗಲ್ಲ. ರೋಗಿಯನ್ನು ನೋಡುವ ಹಾಗೆ. ಗಾಜಿನೊಳಗಿನ ಡಬ್ಬಿ ತೆಗೆದು, ತಿರುಗಿಸಿ, ಹಿಂದಿನ ಸಣ್ಣ ಅಕ್ಷರಕ್ಕೆ ಬೆರಳಿಟ್ಟು ಓದಿದ. "ದೂಧ ಪಾವಡರ್. ಸೋಯಾಬಿನ್. ಶಕ್ಕರ್. ಬಸ್. ತೂ ಗರೀಬ್ ಆದಮೀ ಹೈ, ಬೇಟಾ. ಅಂಡಾ ಖಾ, ಕೇಲಾ ಖಾ. ಮತ್ ಲೇ."

ಹಾಲಿನ ಪುಡಿ. ಆ ಮಾತಿಗೆ ಚಂದ್ರಾಮನ ಅಂಗುಳು ಒಣಗಿತು. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಶಾಲೆಗೆ ಪರದೇಶದಿಂದ ಹಾಲಿನ ಪುಡಿಯ ಚೀಲ ಬರುತ್ತಿದ್ದವು. ಮಧ್ಯಾಹ್ನ ಹಂಡೆಯಲ್ಲಿ ಕುದಿಸಿ ತಾಂಬಿಗೆಯಲ್ಲಿ ಹೊಯ್ಯುತ್ತಿದ್ದರು. ಒಂದು ದಿನ ಕೋಣೆಯ ಬಾಗಿಲು ತೆರೆದಿತ್ತು, ಚೀಲದ ಬಾಯಿಯೂ ತೆರೆದಿತ್ತು, ಅವನು ಮೊಣಕೈವರೆಗೆ ಕೈ ಹಾಕಿ ಮುಕ್ಕಿದ. ಒಣ ಪುಡಿ ಬಾಯಿಯ ನೀರಿಗೆ ಅಂಟಾಗಿ, ಸುಣ್ಣದ ಗಾರೆಯ ಹಾಗೆ ಅಂಗುಳಿಗೆ ಕಚ್ಚಿಕೊಂಡಿತು. ಮಾಸ್ತರ "ಏನ್ ತಿಂದಿ?" ಎಂದು ಕೇಳಿದಾಗ ಬಾಯಿ ಬಿಡಲು ಬರಲಿಲ್ಲ. ಬಾಯಿ ಬಿಡುವ ಜರೂರೂ ಇರಲಿಲ್ಲ, ತುಟಿ, ಮೂಗು, ಗಲ್ಲ ಎಲ್ಲ ಬೆಳ್ಳಗಾಗಿತ್ತು. ಒರೆಸಿಕೊಳ್ಳಬೇಡ ಎಂದು ಹೇಳಿ ಮಾಸ್ತರ ಅವನನ್ನು ಒಂದೊಂದು ಇಯತ್ತೆಯ ಬಾಗಿಲಿಗೂ ಕರೆದೊಯ್ದು ನಿಲ್ಲಿಸಿದ. ಬಡಿಯಲಿಲ್ಲ. ಬಡಿದಿದ್ದರೆ ಮರುದಿನ ಶಾಲೆಗೆ ಹೋಗಬಹುದಿತ್ತು. ಅವನು ಆಮೇಲೆ ಯಾವತ್ತೂ ಹೋಗಲಿಲ್ಲ.

"ಮತ್ ಲೇ," ಎಂದು ಮುದುಕ ಮತ್ತೊಮ್ಮೆ ಅಂದು ಡಬ್ಬಿಯನ್ನು ಒಳಗೆ ಇಡಲು ಹೋದ. ಆ ಎರಡನೆಯ ಸಲ ಅಂದದ್ದೇ ತಪ್ಪಾಯಿತು. ಗರೀಬ್ ಎಂದದ್ದು, ಬೇಟಾ ಎಂದದ್ದು, ಅಂಗಡಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದ್ದು, ಎಲ್ಲ ಸೇರಿ ಚಂದ್ರಾಮನ ಕಿವಿಯಲ್ಲಿ ಬಿಸಿಯಾಗಿ ಏರಿದವು. ಈ ಊರಿನಲ್ಲಿ ನಗುವವರಿಗೆ ಉತ್ತರ ಕೊಡುವ ಶಕ್ತಿ ಅವನಿಗಿರಲಿಲ್ಲ. ಕನಿಕರ ಪಡುವವನೊಬ್ಬನಿಗಾದರೂ ಕೊಡಬೇಕೆನ್ನಿಸಿತು. ಅಂಗಿ ಎತ್ತಿ, ಒಳಜೇಬಿಗೆ ಕೈ ಹಾಕಿ, ಒದ್ದೆ ನೋಟುಗಳನ್ನು ಗಾಜಿನ ಮೇಲೆ ಬಡಿದ. ಕೊಡು ಎನ್ನಲು ಹೋಗಿ "ದೇವ್," ಎಂದ. ಮರಾಠಿಯೂ ಅಲ್ಲ, ಹಿಂದಿಯೂ ಅಲ್ಲ. ಮುದುಕ ಹೆಗಲು ಹಾರಿಸಿ ಡಬ್ಬಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಉಳಿದ ಮೂರು ರೂಪಾಯಿಯ ಜೊತೆ ಕೊಟ್ಟ. ನೋಟು ಒದ್ದೆಯಾಗಿದ್ದರಿಂದ ಅವನ್ನು ತಕ್ಕಡಿಯ ಕೆಳಗೆ ಒಣಗಲು ಹರವಿದ.

ಲೋಕಲ್ಲಿನಲ್ಲಿ ಬಾಗಿಲಿಗೆ ನಿಂತಾಗಲೇ ಸಿಟ್ಟೆಲ್ಲ ಇಳಿದುಹೋಯಿತು. ಖಾರ್ ಸ್ಟೇಷನ್ ಬರುವ ಹೊತ್ತಿಗೆ ಕೈಯಲ್ಲಿದ್ದದ್ದು ನಲವತ್ತೆರಡು ರೂಪಾಯಿಯ ಹಾಲಿನ ಪುಡಿ ಎಂಬುದು ಅರಿವಿಗೆ ಬಂತು. ಪತ್ರಿಕೆ ಹರಿದ ಕಡೆಯಿಂದ ತಲೆಯಿಲ್ಲದ ಎದೆಯ ಒಂದು ಭಾಗ ಹೊರಗೆ ಕಾಣುತ್ತಿತ್ತು. ಅವನು ಅಂಗೈಯಿಂದ ಮುಚ್ಚಿದ. ಆದರೂ ಒಳಗೆ ಎಲ್ಲೋ ಒಂದು ಆಸೆ ಹಲ್ಲಿಯ ಹಾಗೆ ಲೊಚಗುಟ್ಟುತ್ತಿತ್ತು. ಅರ್ಧ ಇಂಚು ತಾನೇ? ಇಡೀ ಎದೆ ಕೇಳಿದ್ದಲ್ಲವಲ್ಲ. ದಿನಕ್ಕೆ ಎರಡು ಚಮಚೆ, ನೀರಿನಲ್ಲಾದರೂ ಸರಿ, ಒಂದು ತಿಂಗಳು, ಯಾರಿಗೂ ಕಾಣದ ಹಾಗೆ. ಎಲ್ಲಿ ತಿನ್ನುವುದು? ಸಂಡಾಸಿಗೆ ಹೋಗುವಾಗ ತಾಂಬಿಗೆಯಲ್ಲಿ ಕಲಸಿಕೊಂಡು ಹೋಗಬಹುದು. ಈ ಉಪಾಯ ಹೊಳೆದಾಗ ಮೊದಲು ಖುಷಿಯಾಯಿತು. ಆಮೇಲೆ, ಸಂಡಾಸಿನ ಬಾಗಿಲು ಹಾಕಿಕೊಂಡು ತಾಂಬಿಗೆ ಎತ್ತಿ ಕುಡಿಯುತ್ತಿರುವ ತನ್ನನ್ನು ತಾನೇ ಕಂಡು, ಲೋಕಲ್ಲಿನ ಬಾಗಿಲಿನಿಂದ ಹೊರಗೆ ಉಗುಳಿದ. ಸಾಂತಾಕ್ರೂಜಿನಲ್ಲಿ ಇಳಿದು ಪೂರ್ವಕ್ಕೆ ನಡೆಯುವಾಗ ವಿಮಾನವೊಂದು ಚಾಳುಗಳ ತಗಡು ಸವರುವಷ್ಟು ಕೆಳಗೆ ಬಂತು. ಅದರ ಗುಡುಗು ಅವನ ಎದೆಗೂಡಿನ ಒಳಗೆ ಹೊಕ್ಕು ಒಂದೊಂದು ಎಲುಬನ್ನೂ ಅಲುಗಿಸಿ ಹೋಯಿತು. ಖಾಲಿ ಇರುವಲ್ಲಿ ಸಪ್ಪಳ ಹೆಚ್ಚು.

ಖೋಲಿಯಲ್ಲಿ ಯಾರೂ ಇರುವುದಿಲ್ಲ ಎಂದುಕೊಂಡಿದ್ದ. ವೈನಿ ನೀರಿಗೆ ಹೋಗುವ ಹೊತ್ತು. ಅಷ್ಟರಲ್ಲಿ ತನ್ನ ಪೆಟ್ಟಿಗೆಯ ತಳದಲ್ಲಿ ಡಬ್ಬಿ ಇಟ್ಟುಬಿಡಬಹುದು. ಆದರೆ ವೈನಿ ಗುರುಬಾಯಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಪಾದಗಳು ಬಾತು, ಕಾಲುಂಗುರ ಮಾಂಸದಲ್ಲಿ ಹೂತಿದ್ದವು. ಪಕ್ಕದ ಖೋಲಿಯ ಕಾಶವ್ವ, ಚಾಳಿನ ಬಾಣಂತನವನ್ನೆಲ್ಲ ತನ್ನ ಕೈಯಲ್ಲೇ ಹಿಡಿದ ಮುದುಕಿ, ಆ ಪಾದಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಏಳನೆಯ ತಿಂಗಳು ಮುಗಿಯುತ್ತ ಬಂದರೂ ಗುರುಬಾಯಿಗೆ ಸೀಮಂತದ ಕುಬಸ ಆಗಿರಲಿಲ್ಲ. ಹಸಿರು ಸೀರೆ, ಕುಬಸದ ಖಣ, ಉಡಿ ತುಂಬುವ ಸಾಮಾನು ತವರಿನ ಅಣ್ಣತಮ್ಮಂದಿರು ತರಬೇಕು. ಬರೆಸಿ ಹಾಕಿದ ಎರಡು ಕಾಗದಕ್ಕೂ ಅವರಿಂದ ಉತ್ತರ ಬಂದಿರಲಿಲ್ಲ. ಅವಳು ಆ ಮಾತು ಎತ್ತುತ್ತಿರಲಿಲ್ಲ. ಪೋಸ್ಟಿನವನು ಚಾಳಿಗೆ ಬಂದಾಗ ಮಾತ್ರ ಬಾಗಿಲಿಗೆ ಬಂದು ಸುಮ್ಮನೆ ನಿಲ್ಲುತ್ತಿದ್ದಳು.

"ಏನೋ ತಮ್ಮಾ ಅದು, ಬಗಲಾಗ?" ಎಂದಳು ಕಾಶವ್ವ.

"ಏನಿಲ್ಲ ಆಯಿ."

"ಏನಿಲ್ಲಂದ್ರ ಎರಡೂ ಕೈಲೆ ಕೂಸಿನಂಗ ಯಾಕ ಹಿಡದೀ?" ಮುದುಕಿಯ ಎಣ್ಣೆಗೈ ಬಂದು ಪತ್ರಿಕೆಯ ಹರಿದ ಬಾಯಿಗೆ ಸಿಕ್ಕಿತು; ಎಳೆದಳು. ಡಬ್ಬಿ ಹೊರಗೆ ಬಂತು. ತಿರುಗಿಸಿದಳು. ಇಂಗ್ಲಿಷ್ ಅಕ್ಷರವನ್ನೂ ತಲೆಯಿಲ್ಲದ ಗಂಡಸನ್ನೂ ಅವಳು ನೋಡಲಿಲ್ಲ. ಹಿಂದೆ, ಕೆಳಗೆ, ಹಾಲು ತುಂಬಿದ ಲೋಟದ ಸಣ್ಣ ಚಿತ್ರವೊಂದಿತ್ತು. ಚಂದ್ರಾಮ ಅದನ್ನು ಈವರೆಗೆ ಕಂಡೇ ಇರಲಿಲ್ಲ. "ಯವ್ವಾ! ತಾಕತ್ತಿನ ಹಾಲಿನ ಪುಡಿ! ಬಾಲವಾಡಿ ಬಾಯಿ ಬಸಿರಿದ್ದಾರಿಗಿ ಹೇಳ್ತಾಳಲ್ಲ, ಅದಾ. ಗುರುಬಾಯಿ, ನೋಡಬೇ, ನಿನ್ನ ಮೈದುನ ಬಯಕಿ ತಂದಾನ ನಿನಗ!"

ಗುರುಬಾಯಿ ಚಾಚಿದ ಕಾಲನ್ನು ಸರಕ್ಕನೆ ಎಳೆದುಕೊಂಡು ಸೆರಗು ಸರಿಮಾಡಿಕೊಂಡಳು. ಅವಳ ಮುಖವನ್ನು ಚಂದ್ರಾಮ ನೋಡಬಾರದಿತ್ತು, ನೋಡಿದ. ಪೋಸ್ಟಿನವನು ಕಡೆಗೂ ಅವಳ ಹೆಸರು ಹಿಡಿದು ಕೂಗಿದ ಹಾಗಿತ್ತು ಆ ಮುಖ.

"ಹೌದೇನೋ ಚಂದ್ರಾಮ?" ಎಂದಳು.

ಈಗ ಹೇಳಬೇಕು. ಇದು ನಿನಗಲ್ಲ, ನನ್ನ ಅರ್ಧ ಇಂಚಿಗೆ ಎಂದು. ಅಪ್ಪನ ಬೆಳ್ಳಿ ಮಾರಿ ತಂದೆ ಎಂದು. ನಿನ್ನ ಕೂಸು ಹುಟ್ಟುವುದರೊಳಗೆ ನಾನು ಈ ಖೋಲಿ ಬಿಡಬೇಕು, ಬಿಡಬೇಕಾದರೆ ಎದೆ ಬೇಕು ಎಂದು. ಮಾತು ಸಾಲಾಗಿ ಗಂಟಲಿನವರೆಗೆ ಬಂದು ನಿಂತವು, ಬೊರಿವಲಿಯ ಬಿಸಿಲಲ್ಲಿ ಅಂಗಿ ಬಿಚ್ಚಿ ನಿಂತವರ ಹಾಗೆ. ಒಂದೂ ಮುಂದೆ ಸರಿಯಲಿಲ್ಲ. ಗುರುಬಾಯಿ ಕಾಶವ್ವನಿಗೆ ಹೇಳುತ್ತಿದ್ದಳು: "ದಿನಾ ಸಂಜಿಕ ನನ್ನ ಟೇಪ್ ಜಾಗಾದಾಗ ಇರ್ತಿರಲಿಲ್ಲ ಆಯಿ. ಕೇಳಬೇಕಂದೆ, ಕೇಳಲಿಲ್ಲ. ಗುಟ್ಟಿಲೆ ನನಗ ಕುಬಸಾ ಹೊಲಸಾಕತ್ತಾನೇನೋ ಅಂತ ತಿಳಕೊಂಡು ಸುಮ್ಮಕಿದ್ದೆ."

"ಮತ್ತ? ತವರವರು ಬರಲಿಲ್ಲಂತ ಅಳಾಕತ್ತಿದ್ದೆಲ್ಲ ಮುಂಜಾನಿ. ಇಂವಾ ಯಾರು? ಇಂವನ ನಿನ್ನ ತಮ್ಮ. ಏಳಬೇ, ಏಳು. ಮಂಗಳವಾರ ಐತಿ, ಚಲೋ ದಿನ. ಸೆರಗೊಡ್ಡು."

"ಆಯಿ," ಎಂದ ಚಂದ್ರಾಮ. ಅವನ ದನಿ ಅವನಿಗೇ ಕೇಳಲಿಲ್ಲ. ಮೇಲೆ ಮತ್ತೊಂದು ವಿಮಾನ ಹೋಗುತ್ತಿತ್ತು. ಕಾಶವ್ವ ಡಬ್ಬಿಯ ಮೇಲಿನ ಎಣ್ಣೆಯನ್ನು ಸೀರೆಗೆ ಒರೆಸಿ, ಒಲೆಯ ಗೂಡಿನಿಂದ ಐದು ಹಿಡಿ ಅಕ್ಕಿ, ಒಂದು ಅರಿಷಿಣದ ಕೊಂಬು, ಒಂದು ಅಡಕೆ ತೆಗೆದಳು. ತೆಂಗಿನಕಾಯಿ ಇರಲಿಲ್ಲ. "ಕಾಯಿ ಬದಲಿ ಇದ," ಎಂದು ಡಬ್ಬಿ ತೋರಿಸಿದಳು. ಗುರುಬಾಯಿ ಗೋಡೆ ಹಿಡಿದು ಎದ್ದು ನಿಂತು, ತಲೆಯ ಮೇಲೆ ಸೆರಗು ಹೊದ್ದು, ಇನ್ನೊಂದು ತುದಿಯನ್ನು ಎರಡು ಕೈಯಿಂದ ಒಡ್ಡಿದಳು. ಡಬ್ಬಿಯನ್ನು ಕಾಶವ್ವ ತಾನೇ ಹಾಕಲಿಲ್ಲ. ಚಂದ್ರಾಮನ ಕೈಗೆ ಕೊಟ್ಟು, "ತವರಿನ ಗಂಡಸು ನೀನ ಹಾಕು," ಎಂದು ಅವನ ಮಣಿಕಟ್ಟು ಹಿಡಿದು ಮುಂದೆ ತಂದಳು. ಅವನು ಹಾಕಿದ. ಅಕ್ಕಿಯ ಮೇಲೆ ಡಬ್ಬಿ ಮೆಲ್ಲಗೆ ಕೂತಿತು. ಸೆರಗು ಅದರ ಭಾರಕ್ಕೆ ಜೋತು ತುಂಬಿದ ಹೊಟ್ಟೆಗೆ ತಗಲಿತು. ಉಡಿಯೊಳಗೆ ಬಿದ್ದದ್ದನ್ನು ತಿರುಗಿ ಕೈ ಹಾಕಿ ತೆಗೆದವನು ಅವರ ಕಡೆ ಇನ್ನೂ ಹುಟ್ಟಿಲ್ಲ. ಗುರುಬಾಯಿ ಬಗ್ಗಿ ಅವನ ಕಾಲು ಮುಟ್ಟಲು ಹೋದಳು, ಹೊಟ್ಟೆ ಬಿಡಲಿಲ್ಲ. ನಗುತ್ತ, ಅಳುತ್ತ, ಅರ್ಧಕ್ಕೇ ನಿಂತಳು. ವಯಸ್ಸಿನಲ್ಲಿ ದೊಡ್ಡವಳು ಕಾಲು ಮುಟ್ಟಬಾರದೆಂದು ಚಂದ್ರಾಮ ಹಿಂದೆ ಸರಿದ. ಗೋಡೆ ಬೆನ್ನಿಗೆ ಬಡಿಯಿತು. ಅದಕ್ಕಿಂತ ಹಿಂದೆ ಸರಿಯಲು ಖೋಲಿಯಲ್ಲಿ ಜಾಗವಿರಲಿಲ್ಲ.

"ಬೆಳ್ಳಿ ಉಡದಾರ ಮಾರ್ಯಾನ ನೋಡು," ಎಂದಳು ಕಾಶವ್ವ, ಮೇಲೆ ಸರಿದ ಅವನ ಅಂಗಿಯ ಕೆಳಗೆ ಕರಿದಾರ ಕಂಡು. ಬೈದದ್ದಲ್ಲ, ಹೊಗಳಿದ್ದು. "ಇಂಥಾ ಮೈದುನ ಯಾರಿಗಿ ಸಿಗತಾನ? ಸಾಯಬಣ್ಣ ಬರಲಿ, ಹೇಳ್ತೀನಿ. ಚಾಳಿಗೆಲ್ಲ ಹೇಳ್ತೀನಿ." ಹೇಳುತ್ತಾಳೆ. ನಾಳೆ ನಸುಕಿಗೆ ತಾಲೀಮಿಗೂ ಮುಟ್ಟುತ್ತದೆ. ಧರ್ಮಣ್ಣ ಹೂವು ಬಿದ್ದ ಕಣ್ಣಿನಿಂದ ಅವನನ್ನು ನೋಡಿ ಶಹಬ್ಬಾಸ್ ಎನ್ನುತ್ತಾನೆ, ಹದಿಮೂರು ಮಂದಿಯ ಮುಂದೆ. ಅಣ್ಣ ಚಪ್ಪಲಿಯನ್ನೇ ನೋಡುತ್ತ ಏನೂ ಅನ್ನುವುದಿಲ್ಲ. ಇನ್ನು ಯಾವತ್ತೂ ಜಾಗ ಬಿಡು ಎನ್ನಲು ಅವನಿಗೆ ಬಾಯಿ ಬರುವುದಿಲ್ಲ, ತನಗೆ ಆ ಜಾಗದಲ್ಲಿ ಮಲಗಿದರೆ ನಿದ್ದೆ ಬರುವುದಿಲ್ಲ.

ಗುರುಬಾಯಿ ಬಾಟಲಿಯಲ್ಲಿ ಉಳಿದಿದ್ದ ಹಾಲಿಗೆ ನೀರು ಬೆರೆಸಿ ಬೆಚ್ಚಗೆ ಮಾಡಿದಳು. ಮುಚ್ಚಳ ತೆಗೆಯಲು ಅವಳಿಗೆ ಆಗಲಿಲ್ಲ, ಚಂದ್ರಾಮನೇ ಚಮಚೆಯ ತುದಿಯಿಂದ ಎಬ್ಬಿಸಿ ಕೊಟ್ಟ. ಮುಚ್ಚಳ ಹೋದ ಮೇಲೆ ಡಬ್ಬಿಯ ಗಂಡಸಿಗೆ ಕುತ್ತಿಗೆಯ ಜಾಗದಲ್ಲಿ ಬೆಳ್ಳನೆಯ ಪುಡಿ ತುಂಬಿದ ಒಂದು ತೂತು ಉಳಿಯಿತು. ಅವಳು ಎರಡು ಚಮಚೆ ಹಾಕಿ ಕಲಸಿದಳು, ಗಂಟು ಗಂಟಾಯಿತು. ಲೋಟವನ್ನು ಬಾಯಿಗೆ ಒಯ್ದವಳು ನಿಲ್ಲಿಸಿದಳು. ಏನೋ ನೆನಪಾದವಳ ಹಾಗೆ ಅದನ್ನು ಅವನ ಮುಂದೆ ಹಿಡಿದಳು.

"ತಂದಾಂವ ಮೊದಲ ಒಂದು ಗುಟುಕ ಕುಡಿ. ಆಮ್ಯಾಲ ನನಗ."

"ನನಗ್ಯಾಕ, ವೈನಿ?"

"ಕುಡಿಯೋ. ನೋಡು ಹ್ಯಾಂಗ ಸೊರಗೀದಿ. ಎದಿ ಎಲವು ಎಣಸಬಹುದು."

ಅವನು ಲೋಟ ತೆಗೆದುಕೊಂಡ. ಉಸಿರು ಎಳೆದ, ಎಳೆದು ಹಿಡಿದ, ಯಾರೋ ಬೆನ್ನ ಹಿಂದಿನಿಂದ ಟೇಪು ಸುತ್ತುತ್ತಿದ್ದಾರೆ ಎಂಬಂತೆ. ನಡುವಿನ ಕರಿದಾರ ಬಿಗಿಯಿತು. ಹಿಡಿದ ಉಸಿರನ್ನು ಬಿಡದೆಯೇ ಒಂದು ಗುಟುಕು ಕುಡಿದ. ಕರಗದ ಪುಡಿಯ ಗಂಟೊಂದು ನಾಲಿಗೆಯ ಮೇಲೆ ಒಡೆದು, ಅಂಟಾಗಿ, ಅಂಗುಳಿಗೆ ಹತ್ತಿ ಕೂತಿತು. ಅದೇ. ಹದಿನೈದು ವರ್ಷ, ಒಂದು ರೈಲು, ಎಂಟು ತೊಲೆ ಬೆಳ್ಳಿ, ಎಲ್ಲ ದಾಟಿ ಬಂದ ಮೇಲೂ ಅದೇ.

"ಹ್ಯಾಂಗೈತಿ?" ಎಂದಳು ಗುರುಬಾಯಿ. ಅವಳೂ ಕಾಶವ್ವನೂ ಅವನ ಬಾಯಿಯನ್ನೇ ನೋಡುತ್ತಿದ್ದರು.

ನಾಲಿಗೆಯಿಂದ ಅಂಗುಳನ್ನು ಕೆರೆದ, ಅದು ಬಿಡಲಿಲ್ಲ. ಚಲೋ ಐತಿ ಎಂಬಂತೆ ತಲೆಯಾಡಿಸಿದ. ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡ. ತೋಳಿನ ಮೇಲೆ ಏನೂ ಇರಲಿಲ್ಲ. ಆದರೂ ಮತ್ತೊಮ್ಮೆ ಒರೆಸಿಕೊಂಡ. ತುಟಿ, ಮೂಗು, ಗಲ್ಲ.